ಆ್ಯಪ್‌ನಲ್ಲಿ 38% ಲಾಭ, ಕೈಯಲ್ಲಿ ಎಷ್ಟು? ಸಿಎ ಮೇಡಂಗೆ ಪ್ರಶ್ನೆ

ಪ್ರಶ್ನೆ (ಕಲಬುರಗಿ): ಮೇಡಂ, ನಮಸ್ಕಾರ್ರೀ. ನೆಹರು ಗಂಜ್‌ನಲ್ಲಿ ಅಡತ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ಎರಡು ವರ್ಷದಿಂದ ಆಗಾಗ ಬಿಟ್‌ಕಾಯಿನ್ ತಗೊಂಡಿದ್ದೇನೆ. ನಡುವೆ ಸ್ವಲ್ಪ ಬಿಟ್‌ಕಾಯಿನ್ ಕೊಟ್ಟು ಈಥರ್ ಅನ್ನುವ ಇನ್ನೊಂದು ಕಾಯಿನ್ ಮಾಡಿಕೊಂಡೆ, ಸ್ವಲ್ಪ ಸ್ವಂತ ವಾಲೆಟ್‌ಗೆ ಕಳಿಸಿದೆ. ಈಗ ಒಂದು ಆ್ಯಪ್ 38% ಲಾಭ ಅನ್ನುತ್ತದೆ, ಇನ್ನೊಂದು ನಷ್ಟ ತೋರಿಸುತ್ತದೆ. ಯಾವುದನ್ನು ನಂಬಲಿ?

ಉತ್ತರ (ಸಿಎ): ಎರಡನ್ನೂ ನಂಬಬೇಡ್ರಿ. ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ನಿಂದ ನಿಮ್ಮ ವಾಲೆಟ್‌ಗೆ ಕಾಯಿನ್ ಕಳಿಸಿದರೆ ಒಂದು ಆ್ಯಪ್ ಅದನ್ನು ಮಾರಿದ ಹಾಗೆ ಬರೆದುಕೊಳ್ಳಬಹುದು, ಇನ್ನೊಂದು ಅದು ಬಂದು ಬಿದ್ದ ದಿನದ ರೇಟಿಗೇ ಕೊಂಡ ಹಾಗೆ ಜಮಾ ಮಾಡಬಹುದು. ನೀವು ನಿಜವಾಗಿ ಕೊಟ್ಟ ದುಡ್ಡು ಎರಡರಲ್ಲೂ ಇಲ್ಲ.

ನೀವು ಗಂಜ್‌ನವರು, ನಿಮಗೆ ಇದು ಹೊಸದಲ್ಲ. ಬೋರ್ಡ್ ಮೇಲಿನ ತೊಗರಿ ರೇಟೇ ಲಾಭ ಆಗುತ್ತಾ? ಹಮಾಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಪಟ್ಟಿ ಬರೆಯುತ್ತೀರಲ್ವಾ, ಇಲ್ಲೂ ಹಾಗೇ ಬರೆಯಿರಿ. ಗೂಗಲ್ ಶೀಟ್ ಸಾಕು. ಒಂದು ವ್ಯವಹಾರಕ್ಕೆ ಒಂದು ಸಾಲು: ದಿನಾಂಕ, ಕಾಯಿನ್, ಎಷ್ಟು, ರೂಪಾಯಿ ಎಷ್ಟು, ಕಮಿಷನ್, ಟಿಡಿಎಸ್ (ಮಾರುವಾಗ ಮೊದಲೇ ಹಿಡಿಯುವ ತೆರಿಗೆ), ಎಲ್ಲಿಂದ ಎಲ್ಲಿಗೆ. ವಾಲೆಟ್‌ಗೆ ಕಳಿಸಿದ್ದು ಜಾಗ ಬದಲಾಗಿದ್ದಷ್ಟೇ, ಕೊಂಡ ರೇಟು ಹಳೆಯದೇ ಇರಲಿ.

ಎಲ್ಲರೂ ಎಡವುವುದು ಕಾಯಿನ್ ಕೊಟ್ಟು ಕಾಯಿನ್ ತಗೊಂಡಲ್ಲಿ. ರೂಪಾಯಿ ಬ್ಯಾಂಕಿಗೆ ಬರದಿದ್ದರೂ ಅದು ಮಾರಾಟವೇ. ನೋಡಿ, 50,000ಕ್ಕೆ ಕೊಂಡ ಬಿಟ್‌ಕಾಯಿನ್ 80,000 ಆದಾಗ ಈಥರ್ ಮಾಡಿಕೊಂಡಿರಿ. ಈಥರ್ ಬಿದ್ದು 65,000ಕ್ಕೆ ಬಂತು, ಅದೇ ವರ್ಷ ಮಾರಿಬಿಟ್ಟಿರಿ. ಕಮಿಷನ್ ಬಿಟ್ಟರೆ ನಿಮಗೆ ಸಿಕ್ಕಿದ್ದು 15,000. ಆದರೆ ತೆರಿಗೆ ಬೀಳುವುದು ಮೊದಲ 30,000 ಲಾಭದ ಮೇಲೆ. 30% ಅಂದರೆ 9,000, ಅದರ ಮೇಲೆ 4% ಸೆಸ್, ಒಟ್ಟು 9,360. ಈಥರ್‌ನಲ್ಲಿ ಹೋದ 15,000 ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ. ಕೈಯಲ್ಲಿ ಉಳಿಯುವುದು 5,640. 2022ರ ಏಪ್ರಿಲ್ 1ರಿಂದ ಇದೇ ನಿಯಮ. ಈ ಲೆಕ್ಕ ಹಾಕಿ ತೋರಿಸಿದಾಗ ಎದುರಿಗೆ ಕೂತವರ ಮುಖ ಸಣ್ಣದಾಗುವುದು ನೋಡಿ ನನಗೇ ಬೇಜಾರಾಗುತ್ತದೆ.

ಕಮಿಷನ್ ಬಗ್ಗೆ ಒಂದು ಮಾತು. ನಿಮ್ಮ ಲಾಭದ ಲೆಕ್ಕದಲ್ಲಿ ಅದನ್ನು ಕಳೆಯಿರಿ, ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಅಲ್ಲಿ ಕೊಂಡ ಬೆಲೆ ಮಾತ್ರ. 1% ಟಿಡಿಎಸ್ ಹಾಗಲ್ಲ, ಅದು ನಿಮ್ಮದೇ ದುಡ್ಡು. ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ಪಟ್ಟಿಯಲ್ಲಿ (26ಎಎಸ್) ಬಂದಿದೆಯಾ ನೋಡಿಕೊಂಡು ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಹುಮನಾಬಾದ್): ಅಕ್ಕಾ, ನಾನು ತಿಂಗಳಿಗೆ 2,000ದಂತೆ ಹಾಕುತ್ತೇನೆ. ವರ್ಷಕ್ಕೆ ಎಷ್ಟು ಪರ್ಸೆಂಟ್ ಬಂತು ಅಂತ ಹೇಗೆ ತೆಗೆಯುವುದು?

ಉತ್ತರ: ಈಗಿನ ಒಟ್ಟು ಬೆಲೆಯನ್ನು ಒಟ್ಟು ಹಾಕಿದ ದುಡ್ಡಿನಿಂದ ಭಾಗಿಸಿದರೆ ತಪ್ಪಾಗುತ್ತದೆ ತಮ್ಮಾ. ಎರಡು ವರ್ಷದ ಹಿಂದೆ ಹಾಕಿದ 2,000 ಮತ್ತು ಹೋದ ತಿಂಗಳು ಹಾಕಿದ 2,000 ಒಂದೇ ಅಲ್ಲ. ಗೂಗಲ್ ಶೀಟ್‌ನಲ್ಲಿ ದಿನಾಂಕ ಹಿಡಿದು ವರ್ಷದ ಪರ್ಸೆಂಟ್ ತೆಗೆಯುವ ಎಕ್ಸ್‌ಐಆರ್‌ಆರ್ (XIRR) ಅನ್ನುವ ಸೂತ್ರ ಇದೆ. ಹಾಕಿದ ದುಡ್ಡನ್ನೆಲ್ಲ ಮೈನಸ್ ಮಾಡಿ ದಿನಾಂಕದ ಜೊತೆ ಬರಿ, ಕೊನೆಯ ಸಾಲಿನಲ್ಲಿ ಇವತ್ತಿನ ಬೆಲೆ ಪ್ಲಸ್‌ನಲ್ಲಿ ಹಾಕು. ಇವತ್ತಿನ ಬೆಲೆ ಅಂದರೆ ನೀನು ಮಾರುವ ಎಕ್ಸ್‌ಚೇಂಜ್‌ನಲ್ಲಿ ಸಿಗುವ ರೂಪಾಯಿ ರೇಟು. ಹೊರಗಿನ ಆ್ಯಪ್‌ಗಳು ಡಾಲರ್ ರೇಟನ್ನು ರೂಪಾಯಿಗೆ ತಿರುಗಿಸಿ ತೋರಿಸುತ್ತವೆ, ಅದು ಇಲ್ಲಿಯ ರೇಟಿಗೆ ಸರಿಯಾಗಿ ಕೂರುವುದಿಲ್ಲ.

ಪ್ರಶ್ನೆ (ಶಹಾಪುರ): ಮೇಡಂ, ಇದನ್ನೆಲ್ಲ ತಾನೇ ಮಾಡುವ ಆ್ಯಪ್‌ಗೆ ನಮ್ಮ ಎಕ್ಸ್‌ಚೇಂಜ್ ಖಾತೆಯೊಳಗೆ ಬಿಡುವ ಕೋಡ್, ಅಂದರೆ ಎಪಿಐ ಕೀ ಕೊಡಬಹುದಾ?

ಉತ್ತರ: ಬರೀ ನೋಡಲು ಬಿಡುವ ಕೀ ಆದರೆ ಕೊಡಿ. ಮಾರುವ, ತೆಗೆಯುವ ಅನುಮತಿ ಎರಡೂ ಆಫ್ ಇರಬೇಕು. ವಾಲೆಟ್ ತೆರೆಯುವ 12 ಅಥವಾ 24 ಗುಪ್ತ ಪದ ಕೇಳಿದರೆ ಆ ಕ್ಷಣವೇ ಆ್ಯಪ್ ತೆಗೆದುಹಾಕಿ. ಬೆಲೆ ನೋಡಲು ಅದು ಯಾರಿಗೂ ಬೇಕಾಗಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ರಾತ್ರಿ ಕೂತು ಎಲ್ಲ ಬರೆದೆ. 38% ಅಂತಿದ್ದದ್ದು 11ಕ್ಕೆ ಬಂತು. ಮೊದಲ ಎಕ್ಸ್‌ಚೇಂಜ್ ಮುಚ್ಚಿಹೋಗಿದೆ, ಅಲ್ಲಿಯ ಮೂರು ಖರೀದಿ ಸಿಗುತ್ತಿಲ್ಲ.

ಉತ್ತರ: ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ದುಡ್ಡು ಹೋದ ದಿನಾಂಕ ಹುಡುಕಿ, ಆಮೇಲೆ ಅದೇ ದಿನದ ಇಮೇಲ್ ತೆಗೆಯಿರಿ. ಆರ್ಡರ್ ಆದಾಗ ಬಂದ ಮೇಲ್‌ನಲ್ಲಿ ಎಷ್ಟು ಕಾಯಿನ್, ಯಾವ ರೇಟು ಅಂತ ಸಾಮಾನ್ಯವಾಗಿ ಇರುತ್ತದೆ. ಸಿಕ್ಕಿದ್ದನ್ನು ಪ್ರಿಂಟ್ ತೆಗೆದು ಫೈಲ್‌ಗೆ ಹಾಕಿ. ಉಳಿದ ಎಕ್ಸ್‌ಚೇಂಜ್‌ನ ಸ್ಟೇಟ್‌ಮೆಂಟ್ ಇವತ್ತೇ ಇಳಿಸಿಕೊಳ್ಳಿ, ಇನ್ನು ಮೇಲೆ ಪ್ರತಿ ತಿಂಗಳೂ.