ಸಾಮಾನ್ಯ ಪ್ರಜೆಯಾಗಿ ಬಾಳಬೇಕಾದರೆ ಯಾವ ಕಲ್ಪಿತ ವಿಶ್ವವನ್ನು ಆರಿಸಿಕೊಳ್ಳುತ್ತೀರಿ?

ಬಯಲುಸೀಮೆ (ಪ್ರಶ್ನೆ):

ವೈಜ್ಞಾನಿಕ ಕಾದಂಬರಿಗಳನ್ನು ಓದುವವರನ್ನು ಯಾವ ವಿಶ್ವದಲ್ಲಿ ಬಾಳಲು ಇಷ್ಟಪಡುತ್ತೀರಿ ಎಂದು ಕೇಳಿದರೆ, ಬಹುತೇಕರು ತಮ್ಮನ್ನು ಅಂತರಿಕ್ಷನೌಕೆಯ ಕಪ್ತಾನನನ್ನಾಗಿಯೋ ರಾಜಮನೆತನದ ಕುಡಿಯನ್ನಾಗಿಯೋ ಕಲ್ಪಿಸಿಕೊಂಡೇ ಉತ್ತರಿಸುತ್ತಾರೆ. ಅಂಥ ಉತ್ತರದಿಂದ ಆ ವಿಶ್ವದ ಯೋಗ್ಯತೆ ತಿಳಿಯುವುದಿಲ್ಲ; ಕಪ್ತಾನನ ಬದುಕು ಎಲ್ಲಿದ್ದರೂ ಒಂದು ಮಟ್ಟಕ್ಕೆ ಸಾಗುತ್ತದೆ. ಆದ್ದರಿಂದ ಇಲ್ಲೊಂದು ನಿಬಂಧನೆಯನ್ನು ಇಡುತ್ತೇನೆ. ಸಮಾಜದ ನಿಯಮಗಳನ್ನು ರೂಪಿಸುವವರಿಗೆ ಆ ಸಮಾಜದಲ್ಲಿ ತಮ್ಮ ಸ್ಥಾನ ಯಾವುದೆಂದು ಮೊದಲೇ ತಿಳಿದಿರಬಾರದು ಎಂಬ ವಿಚಾರವನ್ನು ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಅದರಂತೆಯೇ ನಿಮಗೂ ಯಾರ ಮನೆಯಲ್ಲಿ ಹುಟ್ಟುತ್ತೀರಿ, ಯಾವ ಕೆಲಸ ಸಿಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಕಥೆಯಲ್ಲಿ ನಿಮ್ಮ ಹೆಸರು ಒಮ್ಮೆಯೂ ಬರುವುದಿಲ್ಲ.

ಈ ನಿಬಂಧನೆಯನ್ನು ಒಪ್ಪಿದ ಕೂಡಲೇ ಮರುಭೂಮಿ ಗ್ರಹವೊಂದರ ಕಥೆಯಾದ, ನನ್ನ ಅಚ್ಚುಮೆಚ್ಚಿನ ಡ್ಯೂನ್ ಕಾದಂಬರಿಯ ವಿಶ್ವ ಕೈಬಿಟ್ಟುಹೋಗುತ್ತದೆ. ಅಲ್ಲಿನ ಸಾಮ್ರಾಜ್ಯದಲ್ಲಿ ಪ್ರತಿಯೊಬ್ಬನ ಅಂತಸ್ತೂ ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ. ಅಂಥ ವ್ಯವಸ್ಥೆಯನ್ನು ನೋಡಲು ನಮ್ಮವರು ಇನ್ನೊಂದು ಗ್ರಹದವರೆಗೆ ಹೋಗಬೇಕಾದ ಅಗತ್ಯವಿಲ್ಲ. ನಿಮ್ಮ ಆಯ್ಕೆ ಯಾವುದು, ಏಕೆ ಎಂದು ವಿವರಿಸಬೇಕಾಗಿ ವಿನಂತಿ.

ದೂರದರ್ಶಕ:

ನನ್ನ ಆಯ್ಕೆ 1966ರಲ್ಲಿ ಅಮೆರಿಕದ ಕಿರುತೆರೆಯಲ್ಲಿ ಆರಂಭವಾದ ಸ್ಟಾರ್ ಟ್ರೆಕ್‌ನ ಗ್ರಹಗಳ ಒಕ್ಕೂಟ, ಅದರಲ್ಲಿಯೂ 24ನೆಯ ಶತಮಾನದ ಭೂಮಿ. ಹಸಿವು, ಬಡತನಗಳು ಅಲ್ಲಿ ಇಲ್ಲ. ಜನರ ನಡುವೆ ಹಣದ ಚಲಾವಣೆಯೂ ಇಲ್ಲ. ಬೇಕಾದ ತಿನಿಸಿನ ಹೆಸರು ಹೇಳಿದರೆ ಸಾಕು, ರೆಪ್ಲಿಕೇಟರ್ ಎಂಬ ಯಂತ್ರ ತಟ್ಟೆಯ ಸಮೇತ ಅದನ್ನು ಮುಂದಿಡುತ್ತದೆ. ಹಾಗಿದ್ದರೂ ನ್ಯೂ ಆರ್ಲಿಯನ್ಸ್‌ನಲ್ಲಿ ಜೋಸೆಫ್ ಸಿಸ್ಕೋ ಎಂಬ ಹಿರಿಯರೊಬ್ಬರು ಹೋಟೆಲು ನಡೆಸುತ್ತಾರೆ, ಕೈಯಾರೆ ಅಡುಗೆ ಮಾಡಿ ಬಡಿಸುತ್ತಾರೆ, ಜನರೂ ಹುಡುಕಿಕೊಂಡು ಬಂದು ಉಣ್ಣುತ್ತಾರೆ. ಸಂಬಳದ ಭಯವೂ ಬಾಡಿಗೆಯ ಚಿಂತೆಯೂ ಇಲ್ಲದಿರುವಾಗ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಒಲೆಯ ಮುಂದೆ ನಿಲ್ಲುತ್ತಾನೆ ಎಂಬುದು, ನನ್ನ ಮಟ್ಟಿಗೆ, ಬೆಳಕಿನ ವೇಗವನ್ನು ಮೀರುವ ಎಂಜಿನ್ನಿಗಿಂತ ದೊಡ್ಡ ಕಲ್ಪನೆ.

ಒಂದೇ ಎಚ್ಚರಿಕೆ: ಯಾವ ಕಾರಣಕ್ಕೂ ನೌಕೆಯನ್ನು ಹತ್ತಬಾರದು. ವುಲ್ಫ್ 359 ಎಂಬಲ್ಲಿ ನಡೆದ ಕದನದಲ್ಲಿ ಅರೆಯಂತ್ರ ಶತ್ರುಗಳಾದ ಬೋರ್ಗ್‌ಗಳ ಒಂದೇ ಒಂದು ನೌಕೆ ಒಕ್ಕೂಟದ 39 ನೌಕೆಗಳನ್ನು ನಾಶಮಾಡಿತು; ಸತ್ತವರು ಸುಮಾರು 11,000 ಮಂದಿ. ಮೇಲೆ ಹೇಳಿದ ಸಿಸ್ಕೋ ಅವರ ಸೊಸೆ ತೀರಿಕೊಂಡದ್ದೂ ಅಲ್ಲಿಯೇ. ಸಂಸಾರ ಸಮೇತ ಗಸ್ತಿಗೆ ಹೋಗುವ ಆ ಪದ್ಧತಿಯನ್ನು ಆರಂಭಿಸಿದ ಅಧಿಕಾರಿ ಯಾರೋ, ನನಗೆ ಇಂದಿಗೂ ಸಿಟ್ಟಿದೆ.

ಕಡಲತಡಿ:

ದೂರದರ್ಶಕರು ಒಂದು ಪ್ರಶ್ನೆಯನ್ನು ಬದಿಗೆ ಸರಿಸಿದ್ದಾರೆ. ಅದೇ ಸ್ಟಾರ್ ಟ್ರೆಕ್ ಕಥೆಯ ಕಪ್ತಾನ ಪಿಕಾರ್ಡ್‌ನ ಮನೆತನಕ್ಕೆ ಫ್ರಾನ್ಸಿನಲ್ಲಿ ತಲೆತಲಾಂತರದಿಂದ ಬಂದ ದ್ರಾಕ್ಷಿತೋಟವಿದೆ. ಹಣವೇ ಇಲ್ಲದ ಭೂಮಿಯಲ್ಲಿ ನನಗೂ ಅಂಥದೊಂದು ತೋಟ ಬೇಕೆನಿಸಿದರೆ ಯಾರನ್ನು ಕೇಳಬೇಕು? ಯಂತ್ರವು ಊಟವನ್ನು ಕೊಟ್ಟೀತು, ನೆಲವನ್ನು ಕೊಡಲಾರದು. ಪಿತ್ರಾರ್ಜಿತ ಆಸ್ತಿ ಉಳಿದಿರುವ ಕಡೆ ಯಾರ ಮನೆಯಲ್ಲಿ ಹುಟ್ಟಿದೆವು ಎಂಬುದು ಮತ್ತೆ ಮುಖ್ಯವಾಗುತ್ತದೆ.

ಇಯಾನ್ ಎಂ. ಬ್ಯಾಂಕ್ಸ್ 1987ರಿಂದ ಪ್ರಕಟಿಸುತ್ತ ಬಂದ ಕಾದಂಬರಿಗಳ ‘ಕಲ್ಚರ್’ ಎಂಬ ನಾಗರಿಕತೆ ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುತ್ತದೆ: ಅಲ್ಲಿ ನೆಲವನ್ನೇ ಕಟ್ಟಿಕೊಳ್ಳುತ್ತಾರೆ. ನಕ್ಷತ್ರವನ್ನು ಸುತ್ತುವ, ಸುಮಾರು 30 ಲಕ್ಷ ಕಿಲೋಮೀಟರ್ ವ್ಯಾಸದ ಬಳೆಯಾಕಾರದ ‘ಆರ್ಬಿಟಲ್’ಗಳ ಒಳಮೈಯಲ್ಲಿ ಸಮುದ್ರ, ಬೆಟ್ಟ, ಊರುಗಳೆಲ್ಲ ಇವೆ. ಬಳೆ ತನ್ನಷ್ಟಕ್ಕೆ ತಿರುಗುವುದರಿಂದಲೇ ಕಾಲಡಿಗೆ ಗುರುತ್ವದ ಅನುಭವವಾಗುತ್ತದೆ, ಅದೇ ತಿರುಗುವಿಕೆಯಿಂದ ಹಗಲು ರಾತ್ರಿಗಳೂ ಉಂಟಾಗುತ್ತವೆ. ಇದು ಬರಿಯ ಅಲಂಕಾರವಲ್ಲ. ಭೂಮಿಯಷ್ಟೇ ಗುರುತ್ವವೂ ಸರಿಯಾಗಿ 24 ಗಂಟೆಯ ದಿನವೂ ಬೇಕೆಂದರೆ ವ್ಯಾಸ ಸುಮಾರು 37 ಲಕ್ಷ ಕಿಲೋಮೀಟರ್ ಇರಬೇಕೆಂದು ಪಿಯುಸಿ ಭೌತಶಾಸ್ತ್ರದ ಸೂತ್ರದಿಂದಲೇ ತಿಳಿಯುತ್ತದೆ; ದಿನ ಕೊಂಚ ಗಿಡ್ಡವಾದರೂ ಆದೀತು ಎನ್ನುವುದಾದರೆ 30 ಲಕ್ಷವೇ ಸಾಕು.

ಆಡಳಿತವನ್ನು ‘ಮೈಂಡ್’ ಎಂಬ ಮಹಾಯಂತ್ರಗಳು ನೋಡಿಕೊಳ್ಳುತ್ತವೆ; ನೌಕೆಗಳನ್ನು ನಡೆಸುವವೂ ಅವೇ. ಜನರ ಆಯುಸ್ಸು ಮೂರೂವರೆಯಿಂದ ನಾಲ್ಕು ಶತಮಾನ. ಬರೆದಿಟ್ಟ ಕಾನೂನು ಇಲ್ಲವೆಂದೇ ಹೇಳಬೇಕು. ಕೊಲೆ ಮಾಡಿದವನ ಹಿಂದೆ ಒಂದು ಡ್ರೋನ್ (ಸ್ವಂತ ಬುದ್ಧಿಯುಳ್ಳ ಹಾರುವ ಯಂತ್ರ) ಸದಾ ಅಲೆಯುತ್ತ ಅವನು ಮತ್ತೆ ಅಂಥ ಕೆಲಸ ಮಾಡದಂತೆ ಕಾಯುತ್ತದೆ, ಜನರು ಅವನನ್ನು ತಮ್ಮ ಕೂಟಗಳಿಗೆ ಕರೆಯುವುದನ್ನು ಬಿಡುತ್ತಾರೆ. ಶಿಕ್ಷೆ ಎಂದರೆ ಅಷ್ಟೇ. ಯಂತ್ರಗಳಿಗೂ ಇದೇ ಬಗೆಯ ಕಟ್ಟುಪಾಡು. ಮನುಷ್ಯರ ಮನಸ್ಸನ್ನು ಅವರ ಒಪ್ಪಿಗೆಯಿಲ್ಲದೆ ಓದುವ ಸಾಮರ್ಥ್ಯ ಮೈಂಡ್‌ಗಳಿಗೆ ಇದ್ದರೂ ಅವು ಓದುವುದಿಲ್ಲ. ಹಾಗೆ ಓದಿದ ಗ್ರೇ ಏರಿಯಾ ಎಂಬ ನೌಕೆಯನ್ನು ಉಳಿದ ನೌಕೆಗಳು ಪಂಕ್ತಿಯಿಂದ ಹೊರಗಿಟ್ಟು, ಇಲ್ಲಿ ಬರೆಯಲಾಗದಂಥ ಅಡ್ಡಹೆಸರಿನಿಂದ ಕರೆಯುತ್ತವೆ.

ಯುದ್ಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಡಿರನ್ನರೆಂಬ ಅನ್ಯಲೋಕದ ಜನಾಂಗದೊಡನೆ ನಡೆದ ಯುದ್ಧದಲ್ಲಿ ಸತ್ತವರ ಸಂಖ್ಯೆ 85,000 ಕೋಟಿಯನ್ನು ಮೀರುತ್ತದೆ. ಆದರೆ ಆ ಯುದ್ಧಕ್ಕೆ ಇಳಿಯಬೇಕೇ ಎಂಬುದನ್ನು ಪ್ರಜೆಗಳು ಮತ ಹಾಕಿ ತೀರ್ಮಾನಿಸಿದರು, ಒಪ್ಪದವರು ಪ್ರತ್ಯೇಕ ಬಣವಾಗಿ ಹೊರನಡೆದರು, ಅವರನ್ನು ಯಾರೂ ತಡೆಯಲಿಲ್ಲ. ಹೆಸರಿಲ್ಲದ ಪ್ರಜೆಗೆ ಇದಕ್ಕಿಂತ ಹೆಚ್ಚಿನ ಹಕ್ಕನ್ನು ಯಾವ ವಿಶ್ವವೂ ಕೊಟ್ಟಂತಿಲ್ಲ.

ಹೊಂಗೆನೆರಳು:

ಕಡಲತಡಿಯವರ ಲೆಕ್ಕ ಸರಿಯಾಗಿದೆ, ಆದರೆ ಅಲ್ಲಿ ನನ್ನಿಂದ ಯಾರಿಗೆ ಏನಾಗಬೇಕು? ಎಲ್ಲವನ್ನೂ ನಮಗಿಂತ ಚೆನ್ನಾಗಿ ಮಾಡಬಲ್ಲ ಯಂತ್ರಗಳಿರುವಾಗ ಮನುಷ್ಯರು ಆ ಮನೆಯ ಮುದ್ದಿನ ಬೆಕ್ಕುಗಳಾಗುತ್ತಾರೆ. ಬ್ಯಾಂಕ್ಸ್ ಅವರ 1988ರ ಕಾದಂಬರಿಯ ನಾಯಕ ಗುರ್ಗೆಯನ್ನೇ ನೋಡಿ. ಆಟದಲ್ಲಿ ಅಪ್ರತಿಮನಾದ ಅವನು ಬೇಸರದಿಂದ ಒಮ್ಮೆ ಮೋಸಕ್ಕೆ ಕೈಹಾಕುತ್ತಾನೆ, ಒಂದು ಡ್ರೋನ್ ಅದನ್ನೇ ಹಿಡಿದು ಅವನನ್ನು ಬೆದರಿಸುತ್ತದೆ, ಕೊನೆಗೆ ತನಗೆ ತಿಳಿಯದ ರಾಜಕೀಯ ಉದ್ದೇಶವೊಂದಕ್ಕೆ ಅವನು ದಾಳವಾಗುತ್ತಾನೆ. ಮನಸ್ಸನ್ನು ಓದದೆಯೇ ಇಷ್ಟು ಮಾಡಬಹುದಾದರೆ, ಓದುವುದಿಲ್ಲವೆಂಬ ಭರವಸೆಗೆ ಬೆಲೆ ಎಷ್ಟು?

ನಾನು ಅರ್ಸುಲಾ ಲೆ ಗ್ವಿನ್ 1974ರ ಕಾದಂಬರಿಯಲ್ಲಿ ಚಿತ್ರಿಸಿದ ಅನಾರೆಸ್‌ಗೆ ಹೋಗುತ್ತೇನೆ. ಅದು ಬರಡು ನೆಲದ ಲೋಕ. ಸರ್ಕಾರವಿಲ್ಲ, ಆಸ್ತಿಯಿಲ್ಲ, ಸೆರೆಮನೆಯಿಲ್ಲ. ಹತ್ತು ದಿನಕ್ಕೊಮ್ಮೆ ಎಲ್ಲರೂ ಸರದಿಯ ಮೇಲೆ ಊರ ಕೆಲಸಕ್ಕೆ ಇಳಿಯುತ್ತಾರೆ, ಭೌತವಿಜ್ಞಾನಿಗೂ ಅದರಿಂದ ವಿನಾಯಿತಿ ಇಲ್ಲ. ಮಗುವಿಗೆ ಹೆಸರನ್ನು ಕಂಪ್ಯೂಟರ್ ಕೊಡುತ್ತದೆ, ಒಂದು ಹೆಸರು ಒಬ್ಬರಿಗೆ ಮಾತ್ರ. ಕುಲ, ಮನೆತನ ಯಾವುದೂ ಅದರಿಂದ ತಿಳಿಯದು. ಬಯಲುಸೀಮೆಯವರ ನಿಬಂಧನೆಯನ್ನು ಕಾದಂಬರಿಯೇ ಪಾಲಿಸಿದಂತಿದೆ.

ಅಲ್ಲಿನ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಬರ ಬಂದಾಗ ಕಾದಂಬರಿಯ ನಾಯಕನಾದ ಭೌತವಿಜ್ಞಾನಿ ಶೆವೆಕ್ ಮತ್ತು ಅವನ ಸಂಗಾತಿ ತಕ್ವೆರ್ ಬೇರೆ ಬೇರೆ ಊರುಗಳ ಕೆಲಸಕ್ಕೆ ಹೋಗಿ, ನಾಲ್ಕು ವರ್ಷ ಅಗಲಿರಬೇಕಾಯಿತು. ಮಗಳ ಎಳವೆಯನ್ನು ತಂದೆ ಕಾಣಲೇ ಇಲ್ಲ. ಸರ್ಕಾರವಿಲ್ಲದ ಕಡೆಯೂ ಸಬುಲ್ ಎಂಬ ಹಿರಿಯ ವಿಜ್ಞಾನಿ ಅಧಿಕಾರವನ್ನು ಕಟ್ಟಿಕೊಂಡಿದ್ದಾನೆ: ಶೆವೆಕ್‌ನ ಗ್ರಂಥ ಅಚ್ಚಾಗಬೇಕಾದರೆ ಅದರ ಮೇಲೆ ಸಬುಲ್‌ನ ಹೆಸರೂ ಇರಬೇಕು. ಸಂಶೋಧನೆ ಮಾಡಿದವರಲ್ಲಿ ಈ ಪುಟಗಳನ್ನು ಓದಿ ಹಲ್ಲು ಕಡಿಯದವರು ವಿರಳ. ಆದರೂ ಅಲ್ಲಿ ನನ್ನ ಕೈ ಬೇಕಾಗಿದೆ. ಕಾಲುವೆ ತೋಡಲು ನಾನು ಹೋಗದಿದ್ದರೆ ಒಂದು ಗುದ್ದಲಿಯ ಕೆಲಸ ಕಡಿಮೆಯಾಗುತ್ತದೆ.

ದೂರದರ್ಶಕ:

ಗುದ್ದಲಿ ಹಿಡಿಯುವ ಆಸೆಯನ್ನು ಗೌರವಿಸುತ್ತೇನೆ, ಬರಗಾಲದ ನಡುವೆ ಅದನ್ನು ಹಿಡಿಯಲು ನಾನು ಬರುವುದಿಲ್ಲ.

ಕಡಲತಡಿಯವರಿಗೆ ಒಂದು ತಾಂತ್ರಿಕ ಆಕ್ಷೇಪಣೆ. ಪ್ರಶ್ನೆ ಇರುವುದು ವಿಶ್ವವನ್ನು ಕುರಿತು, ನಾಗರಿಕತೆಯನ್ನು ಕುರಿತಲ್ಲ. ಬ್ಯಾಂಕ್ಸ್ ಅವರದೇ ಒಂದು ನೀಳ್ಗತೆಯಲ್ಲಿ ಕಲ್ಚರ್‌ನ ನೌಕೆಯೊಂದು 1977ರಲ್ಲಿ ನಮ್ಮ ಭೂಮಿಗೆ ಬಂದು, ಎಲ್ಲವನ್ನೂ ಅಧ್ಯಯನ ಮಾಡಿ, ನಮ್ಮನ್ನು ಸಂಪರ್ಕಿಸದೆ ಹಾಗೆಯೇ ಬಿಡುವುದೆಂದು ತೀರ್ಮಾನಿಸಿ ಹೊರಟುಹೋಗುತ್ತದೆ. ಬೇರೆಡೆ ಮಾಡುವ ಹಸ್ತಕ್ಷೇಪದ ಫಲವನ್ನು ಹೋಲಿಸಿ ನೋಡಲು ಮುಟ್ಟದೆ ಬಿಟ್ಟ ಗ್ರಹವೊಂದು ಬೇಕಂತೆ. ಎಲ್ಲಿ ಹುಟ್ಟಬೇಕೆಂದು ಚೀಟಿ ಎತ್ತಿದಾಗ ನಿಮಗೆ ಬಳೆಯ ಮೇಲಿನ ಊರೇ ಬರುತ್ತದೆಂದು ಹೇಗೆ ಹೇಳುತ್ತೀರಿ?

ಕಡಲತಡಿ:

ಹಾಗೆ ನೋಡಿದರೆ ನಿಮ್ಮ ಚೀಟಿಯಲ್ಲಿಯೂ ಕಾರ್ಡೇಸಿಯನ್ನರೆಂಬ ಅನ್ಯಲೋಕದವರ ಆಕ್ರಮಣದಡಿಯ ಬಜೋರ್ ಗ್ರಹ ಬರಬಹುದು, ಅಲ್ಲಿನ ಕೂಲಿ ಶಿಬಿರದಲ್ಲಿ ರೆಪ್ಲಿಕೇಟರ್ ಇರುವುದಿಲ್ಲ. ಚೀಟಿ ಇಡೀ ವಿಶ್ವಕ್ಕೆ ಅನ್ವಯಿಸುತ್ತದೆಯೋ, ಆರಿಸಿಕೊಂಡ ಸಮಾಜಕ್ಕೆ ಮಾತ್ರವೋ ಎಂಬುದನ್ನು ಪ್ರಶ್ನೆ ಕೇಳಿದವರೇ ಸ್ಪಷ್ಟಪಡಿಸಲಿ.

ಬಯಲುಸೀಮೆ:

ಆರಿಸಿಕೊಂಡ ಸಮಾಜಕ್ಕೆ ಮಾತ್ರ. ಇಡೀ ವಿಶ್ವಕ್ಕೆ ಅನ್ವಯಿಸಿದರೆ ಅನಾರೆಸ್‌ಗೆ ಹೊರಟವರು ಪಕ್ಕದ ಗ್ರಹ ಉರ್ರಾಸ್‌ನಲ್ಲಿ ಧಣಿಗಳ ಮನೆಯ ಆಳಾಗಿ ಹುಟ್ಟುವ ಸಂಭವವೇ ಹೆಚ್ಚು. ಹೀಗೆ ಸಡಿಲಿಸಿದ ಮೇಲೆ ನನ್ನ ಮತ ಕಲ್ಚರ್‌ಗೆ, ಗುರ್ಗೆಯ ಪ್ರಸಂಗ ಗೊತ್ತಿದ್ದೂ. ಡ್ಯೂನ್ ಪರವಾಗಿ ವಾದಿಸುವವರು ಯಾರಾದರೂ ಇದ್ದರೆ ಬರೆಯಿರಿ. ಮರುಭೂಮಿಯಲ್ಲಿ ಸತ್ತವರ ಮೈಯ ನೀರನ್ನೂ ಬುಡಕಟ್ಟಿಗೆ ಒಪ್ಪಿಸಬೇಕಾದ ನಿಯಮವನ್ನು ಅವರು ಹೇಗೆ ಸಮರ್ಥಿಸುತ್ತಾರೆಂದು ತಿಳಿಯುವ ಕುತೂಹಲ ನನಗಿದೆ.