ಸಣ್ಣ ಬ್ಯಾಪ್ಟಿಸ್ಟ್ ಸಭೆಗೆ ಹೊಸ ಸಭಾಸೇವಕ: ತೊಟ್ಟಿ, ಮೇಜು, ಕಾಣಿಕೆ ಹೇಗೆ ನೋಡಿಕೊಳ್ಳಲಿ?

ಕೇಳಿದವರು: ನಮ್ಮದು ಸಣ್ಣ ಊರಿನ ಸಭೆ. ಸದಸ್ಯರ ಪಟ್ಟಿಯಲ್ಲಿ 90 ಹೆಸರು, ಭಾನುವಾರ ಬರುವವರು 45ರ ಆಸುಪಾಸು. ಈಚೆಗೆ ಸದಸ್ಯರ ಕೂಟ ನನ್ನನ್ನು ಸಭಾಸೇವಕನಾಗಿ (ಡೀಕನ್) ಆರಿಸಿತು. ಎರಡು ತಿಂಗಳಲ್ಲಿ ಆರು ಜನರ ದೀಕ್ಷಾಸ್ನಾನ, ಅಂದರೆ ತೊಟ್ಟಿಯ ನೀರಲ್ಲಿ ಪೂರ್ತಿ ಮುಳುಗಿಸುವ ವಿಧಿ, ಇದೆ. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಮಂಡಿನೋವು ಇದೆ. ಕರ್ತನ ಮೇಜಿನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ತಯಾರಿ, ಕಾಣಿಕೆ ಎಣಿಕೆಯೂ ನನ್ನ ಪಾಲಿಗೇ ಬಂದಿವೆ. ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ತೊಟ್ಟಿಯ ಏರ್ಪಾಡು ನೋಡುವವರು: ಮೊದಲು ನೀರಿನ ಲೆಕ್ಕ ಹಾಕಿ, ಸಹೋದರರೇ. 2 ಮೀಟರ್ ಉದ್ದ, 1.2 ಮೀಟರ್ ಅಗಲದ ತೊಟ್ಟಿಯಲ್ಲಿ 1 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ 2,400 ಲೀಟರ್ ಆಯಿತು. ನಿಮಿಷಕ್ಕೆ 15 ಲೀಟರ್ ಬರುವ ನಲ್ಲಿಯಾದರೆ ತುಂಬಲು 2 ಗಂಟೆ 40 ನಿಮಿಷ ಬೇಕು. ಆರಾಧನೆಯ ಬೆಳಿಗ್ಗೆ ಪೈಪು ಬಿಟ್ಟರೆ ಪ್ರಸಂಗ ಮುಗಿದರೂ ನೀರು ಮೊಣಕಾಲಿಗೇ ಇರುತ್ತದೆ. ನೀರಿನ ತೂಕವೇ 2.4 ಟನ್, ಆದ್ದರಿಂದ ಕಟ್ಟಿ ಬಿಚ್ಚುವ ತೊಟ್ಟಿಯನ್ನು ಮರದ ವೇದಿಕೆಯ ಮೇಲೆ ಇಡಬೇಡಿ. ನೆಲದ ಕಾಂಕ್ರೀಟ್ ಮೇಲೆಯೇ ಇರಲಿ. ಒಳಗೂ ಮೆಟ್ಟಿಲ ಬಳಿಯೂ ರಬ್ಬರ್ ಮ್ಯಾಟು ಹಾಸಿ. ಬೀಳುವುದು ನೀರಿನೊಳಗೆ ಕಡಿಮೆ, ಒದ್ದೆಗಾಲಲ್ಲಿ ಹೊರಗೆ ಬರುವಾಗಲೇ ಹೆಚ್ಚು.

ಮುಳುಗಿಸುವ ಕ್ರಮ ಹೀಗೆ. ಪಾಸ್ಟರು ಪಕ್ಕದಲ್ಲಿ, ಕಾಲು ಅಗಲಿಸಿ, ಒಂದು ಹೆಜ್ಜೆ ಮುಂದಿಟ್ಟು ನಿಲ್ಲಬೇಕು. ದೀಕ್ಷಾಸ್ನಾನ ಪಡೆಯುವವರು ಒಂದು ಕೈಯಲ್ಲಿ ತಮ್ಮ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಆ ಮಣಿಕಟ್ಟನ್ನು ಹಿಡಿದುಕೊಳ್ಳಲಿ. ಪಾಸ್ಟರ ಒಂದು ಕೈ ಅವರ ಬೆನ್ನಿಗೆ, ಭುಜಗಳ ನಡುವೆ. ಇನ್ನೊಂದು ಕೈ ಆ ಕಟ್ಟಿದ ಕೈಗಳ ಮೇಲೆ. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂಬ ಮಾತು ಪೂರ್ತಿ ಮುಗಿದ ಮೇಲೆ ಮುಳುಗಿಸಿ. ಮಾತಿನ ನಡುವೆಯೇ ಮುಳುಗಿಸಿದರೆ ಅವರು ಉಸಿರು ಎಳೆದುಕೊಳ್ಳುವ ಹೊತ್ತು ತಪ್ಪುತ್ತದೆ. ಬೀಳುವ ಮರದಂತೆ ಬೆನ್ನು ಸೆಟೆದು ಹಿಂದಕ್ಕೆ ಬಿದ್ದರೆ ಪಾದ ಮೇಲೇಳುತ್ತದೆ, ಇಡೀ ಭಾರ ಪಾಸ್ಟರ ಒಂದೇ ಕೈಗೆ ಬರುತ್ತದೆ. ಮಂಡಿ ಮಡಚಿ ಕೂರುವಂತೆ ಇಳಿದು, ಆಮೇಲೆ ಹಿಂದಕ್ಕೆ ಒರಗಬೇಕು. ಹಿಂದಿನ ದಿನ ಒಣ ನೆಲದಲ್ಲೇ ಆರೂ ಜನರಿಗೆ ಎರಡೆರಡು ಸಲ ಅಭ್ಯಾಸ ಮಾಡಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಹೊಳೆಯಲ್ಲಿ ಮಾಡುವ ಸಭೆಗಳಿಗೆ ಒಂದು ಮಾತು: ತಲೆ ನೀರು ಬರುವ ದಿಕ್ಕಿಗೆ ಇರುವಂತೆ ಒರಗಿಸಿ, ಏಳುವಾಗ ಹರಿವೇ ಬೆನ್ನಿಗೆ ಆಸರೆಯಾಗುತ್ತದೆ. ಮಳೆಗಾಲದ ಹೊಳೆ ಬೇಡವೇ ಬೇಡ.

ಕೇಳಿದವರು: ಅಜ್ಜಿಗೆ ಮಂಡಿ ಮಡಚಲು ಆಗದು. ನೀರೂ ತಣ್ಣಗಿರುತ್ತದಲ್ಲ, ಎರಡು ಹಂಡೆ ಬಿಸಿನೀರು ಸುರಿದರೆ ಸಾಕೇ?

ತೊಟ್ಟಿಯ ಏರ್ಪಾಡು ನೋಡುವವರು: ಅವರಿಗೆ ತೊಟ್ಟಿಯೊಳಗೆ ಭಾರವಾದ, ತೇಲದ ಸ್ಟೂಲು ಇಡಿ. ಕೂತಲ್ಲಿಂದಲೇ ಹಿಂದಕ್ಕೆ ಒರಗಿಸಿದರೆ ಪೂರ್ತಿ ಮುಳುಗುತ್ತಾರೆ. ಎರಡೂ ಕಡೆ ಇಬ್ಬರು ನೀರಲ್ಲಿ ನಿಂತಿರಲಿ. ಹೃದಯದ ತೊಂದರೆ, ಮೂರ್ಛೆರೋಗ, ತೂತಾದ ಕಿವಿತಮಟೆ ಇದೆಯೇ ಎಂದು ಆರೂ ಜನರನ್ನು ಒಬ್ಬೊಬ್ಬರಾಗಿ, ಗುಟ್ಟಾಗಿ ಕೇಳಿ. ಇದ್ದರೆ ವೈದ್ಯರ ಮಾತು ಕೇಳದೆ ಇಳಿಸಬೇಡಿ.

ವಿದ್ಯುತ್ ಕೆಲಸ ಬಲ್ಲವರು: ಎರಡು ಹಂಡೆಯಿಂದ ಏನೂ ಆಗದು. 22 ಡಿಗ್ರಿಯ 2,000 ಲೀಟರ್ ನೀರಿಗೆ 80 ಡಿಗ್ರಿಯ 400 ಲೀಟರ್ ಬೆರೆಸಿದರೆ ಮಾತ್ರ 32 ಡಿಗ್ರಿಯ ಹತ್ತಿರ ಬರುತ್ತದೆ. ಅಷ್ಟು ಕುದಿನೀರನ್ನು ಜನರ ನಡುವೆ ಹೊತ್ತೊಯ್ಯುವುದೇ ಅಪಾಯ. 2,400 ಲೀಟರನ್ನು 10 ಡಿಗ್ರಿ ಏರಿಸಲು ಸುಮಾರು 28 ಯೂನಿಟ್ ವಿದ್ಯುತ್ ಬೇಕು. ಅಂದರೆ 3 ಕಿಲೋವ್ಯಾಟ್ ಹೀಟರಿಗೆ 9 ಗಂಟೆಗೂ ಹೆಚ್ಚು. ರಾತ್ರಿಯೇ ಶುರು ಮಾಡಿ, ಒಬ್ಬರು ಕಾವಲಿರಲಿ.

ಇಲ್ಲಿ ಬೇಡಿಕೊಂಡು ಹೇಳುತ್ತೇನೆ. ಯಾರಾದರೂ ನೀರಿಗೆ ಕಾಲಿಡುವ ಮೊದಲು ಹೀಟರಿನ ಸ್ವಿಚ್ ಆರಿಸುವುದಷ್ಟೇ ಸಾಲದು. ಪ್ಲಗ್ ಕಿತ್ತು, ಹೀಟರನ್ನೇ ಹೊರಗೆ ತೆಗೆದಿಡಬೇಕು. ನೀರಲ್ಲಿ ನಿಂತವರ ಕೈಗೆ ತಂತಿಯ ಮೈಕು ಕೊಡಲೇಬೇಡಿ. ಹಾಗೆ ಮೈಕು ಹಿಡಿದು ಪ್ರಾಣ ಕಳೆದುಕೊಂಡ ಸಭಾಪಾಲಕರಿದ್ದಾರೆ. ಮೈಕು ತೊಟ್ಟಿಯಿಂದ ದೂರ, ಒಣ ನೆಲದಲ್ಲಿ ನಿಂತವರ ಬಳಿ ಇರಲಿ. ನೀರಲ್ಲಿರುವವರು ಗಟ್ಟಿಯಾಗಿ ಹೇಳಿದರೆ 45 ಜನರಿಗೆ ಕೇಳುತ್ತದೆ.

ಸಹೋದರಿಯರ ಬಳಗದಿಂದ: ಬಟ್ಟೆಯ ವಿಷಯ ಗಂಡಸರು ಮರೆಯುತ್ತೀರಿ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ. ಗಾಢ ಬಣ್ಣದ ದಪ್ಪ ಬಟ್ಟೆ ಹೇಳಿ. ನಿಲುವಂಗಿ ಇದ್ದರೆ ಅಂಚಿನೊಳಗೆ ಸಣ್ಣ ತೂಕ ಹೊಲಿಯಿರಿ, ಇಲ್ಲದಿದ್ದರೆ ನೀರಿಗಿಳಿದೊಡನೆ ಅದು ಉಬ್ಬಿ ತೇಲುತ್ತದೆ. ಇದು ಹೊಸ ಕಾಳಜಿಯೇನಲ್ಲ. ಲಂಡನ್ನಿನ ಏಳು ಬ್ಯಾಪ್ಟಿಸ್ಟ್ ಸಭೆಗಳು 1644ರಲ್ಲಿ ಹೊರಡಿಸಿದ ವಿಶ್ವಾಸದ ಅರಿಕೆ, ದೀಕ್ಷಾಸ್ನಾನವೆಂದರೆ ಇಡೀ ದೇಹವನ್ನು ನೀರಲ್ಲಿ ಮುಳುಗಿಸುವುದು ಎಂದು ಹೇಳಿ, ಕೊಡುವವರಿಗೂ ಪಡೆಯುವವರಿಗೂ ಮರ್ಯಾದೆಗೆ ತಕ್ಕ ಉಡುಪಿರಬೇಕೆಂದು ಅಂಚಿನಲ್ಲಿ ಬರೆದಿತ್ತು.

ಒಬ್ಬರಿಗೆ ಎರಡು ಟವೆಲು. ಹೆಂಗಸರ ಕೋಣೆ ಬೇರೆ, ಬಾಗಿಲಿಗೆ ಒಬ್ಬ ಸಹೋದರಿ. ಹೊರಗೆ ಬರುವ ಮೆಟ್ಟಿಲಲ್ಲೇ ದೊಡ್ಡ ಟವೆಲು ಹೊದಿಸಲು ಇನ್ನೊಬ್ಬರು. ಸಾಕ್ಷಿಯನ್ನು, ಅಂದರೆ ತಾವು ವಿಶ್ವಾಸಕ್ಕೆ ಬಂದ ಬಗೆಯನ್ನು, ಒಣಬಟ್ಟೆಯಲ್ಲಿ ಮೊದಲೇ ಹೇಳಿಸಿ, ಅರ್ಧ ಪುಟ ಬರೆದುಕೊಂಡರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ. ತುಂಬಿದ ತೊಟ್ಟಿ ಇರುವ ಕೋಣೆಗೆ ಹಿಂದಿನ ರಾತ್ರಿಯಿಂದಲೇ ಬೀಗ ಬೀಳಲಿ. ಮೇಲೆ ತಾರ್ಪಾಲು ಹೊದಿಸಿದರೆ ಮಗುವಿಗೆ ಅದು ನೆಲದಂತೆ ಕಾಣುತ್ತದೆ, ಹಾಗಾಗಿ ಹೊದಿಕೆಯನ್ನು ನಂಬಬೇಡಿ. ಆರಾಧನೆ ಮುಗಿದ ದಿನವೇ ನೀರು ಖಾಲಿ ಮಾಡಿ.

ಮೇಜು ಸಿದ್ಧಪಡಿಸುವವರು: ಕರ್ತನ ಮೇಜು ಸುಲಭ. ಒಂದು ಪುಟ್ಟ ಲೋಟಕ್ಕೆ 12 ಮಿಲಿಲೀಟರ್ ದ್ರಾಕ್ಷಾರಸ ಸಾಕು. 45 ಜನರಿಗೆ 540 ಮಿಲಿಲೀಟರ್, ಚೆಲ್ಲುವುದಕ್ಕೂ ಅತಿಥಿಗಳಿಗೂ ಸೇರಿಸಿ 750 ಇಟ್ಟುಕೊಳ್ಳಿ. ಮೂರರಲ್ಲಿ ಎರಡು ಪಾಲಷ್ಟೇ ತುಂಬಿ. ಅಂಚಿನವರೆಗೆ ತುಂಬಿದರೆ ತಟ್ಟೆ ಕೈ ದಾಟುವಾಗ ಚೆಲ್ಲುತ್ತದೆ. ಮೂತಿ ಸಣ್ಣಗಿರುವ ಬಾಟಲಿಯಿಂದ ಸುರಿದರೆ ಕೆಲಸ ಬೇಗ. ರೊಟ್ಟಿ 60 ತುಂಡು. ಗೋಧಿ ಆಗದವರಿದ್ದರೆ ಅವರದನ್ನು ಬೇರೆ ತಟ್ಟೆಯಲ್ಲಿ, ಬೇರೆ ಚಾಕುವಿನಿಂದ. ಮೇಜಿಗೆ ಯಾರನ್ನು ಕರೆಯುತ್ತೀರಿ, ಸದಸ್ಯರನ್ನು ಮಾತ್ರವೋ, ದೀಕ್ಷಾಸ್ನಾನವಾದವರೆಲ್ಲರನ್ನೋ, ವಿಶ್ವಾಸಿಗಳೆಲ್ಲರನ್ನೋ? ಇದು ಬ್ಯಾಪ್ಟಿಸ್ಟರಲ್ಲೇ ಸಭೆಯಿಂದ ಸಭೆಗೆ ಬೇರೆ. ನಿಮ್ಮ ಸಭೆಯ ಕ್ರಮವನ್ನು ತಟ್ಟೆ ಎತ್ತುವ ಮೊದಲೇ ಪಾಸ್ಟರು ಸೌಮ್ಯವಾಗಿ ತಿಳಿಸಲಿ. ಅತಿಥಿಯ ಕೈ ಮುಂದೆ ಬಂದಾಗ ತಟ್ಟೆ ಹಿಂದಕ್ಕೆ ಎಳೆಯುವ ಸಂದರ್ಭ ಬರಬಾರದು.

ಲೆಕ್ಕ ತಪಾಸಣೆ ಮಾಡುವವರು: ಕಾಣಿಕೆಯನ್ನು ಒಬ್ಬರೇ ಎಣಿಸಬಾರದು, ಎಷ್ಟೇ ನಂಬಿಗಸ್ತರಾಗಿರಲಿ. ಒಂದೇ ಮನೆಯವರಲ್ಲದ ಇಬ್ಬರು, ಅದೇ ದಿನ, ಸಭಾಮಂದಿರದಲ್ಲೇ ಬೇರೆಬೇರೆಯಾಗಿ ಎಣಿಸಲಿ. ಯಾವ ನೋಟು ಎಷ್ಟು, ನಾಣ್ಯ ಎಷ್ಟು ಎಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಖಜಾಂಚಿ ಎಣಿಸುವವರಲ್ಲಿ ಒಬ್ಬರಾಗಬಾರದು. ಬ್ಯಾಂಕ್ ಖಾತೆ ಸಭೆಯ ಹೆಸರಲ್ಲಿರಲಿ, ಹಣ ತೆಗೆಯಲು ಎರಡು ಸಹಿ ಬೇಕು.

ಸಣ್ಣ ಸಭೆಗಳಲ್ಲಿ ಲೆಕ್ಕ ಕೆಡುವುದು ಬಹುಮಟ್ಟಿಗೆ ಕಳ್ಳತನದಿಂದಲ್ಲ, ಅವಸರದಿಂದ. ಬಲ್ಬು ತರಲು, ಅತಿಥಿ ಬೋಧಕರ ಬಸ್ಸಿಗೆ ಎಂದು ಎಣಿಸುವ ಮೊದಲೇ ಕಾಣಿಕೆ ಚೀಲದಿಂದ ತೆಗೆಯುತ್ತಾರೆ. ಆಗ ಆ ಹಣ ಜಮೆಯಲ್ಲೂ ಇಲ್ಲ, ಖರ್ಚಿನಲ್ಲೂ ಇಲ್ಲ. ಪೂರ್ತಿ ಜಮೆ ಮಾಡಿ, ಆಮೇಲೆ ರಸೀದಿ ಇಟ್ಟು ಖರ್ಚು ಬರೆಯಿರಿ. ಕಟ್ಟಡಕ್ಕೆಂದು, ಬಡವರಿಗೆಂದು ಕೊಟ್ಟದ್ದನ್ನು ಬೇರೆ ಕಲಮಿನಲ್ಲಿ ತೋರಿಸಿ, ಕರೆಂಟ್ ಬಿಲ್ಲಿಗೆ ಸಾಲವಾಗಿಯೂ ಎತ್ತಬೇಡಿ. ಸಹಾಯ ಪಡೆದವರ ಹೆಸರನ್ನು ಮಾತ್ರ ಕೂಟದಲ್ಲಿ ಓದಬಾರದು, ಮೊತ್ತ ಓದಿದರೆ ಸಾಕು. ವಿಧವೆಯರ ದಿನದ ಹಂಚಿಕೆಯಲ್ಲಿ ಗೊಣಗಾಟ ಬಂದಾಗಲೇ ಅಲ್ಲವೇ ಬೈಬಲಿನ ಅಪೊಸ್ತಲರ ಕೃತ್ಯಗಳು 6ರಲ್ಲಿ ಏಳು ಮಂದಿಯನ್ನು ಆರಿಸಿದ್ದು? ಆರಿಸಿದ್ದು ಶಿಷ್ಯರ ಸಮೂಹ, ಕೈಯಿಟ್ಟು ಪ್ರಾರ್ಥಿಸಿದ್ದು ಅಪೊಸ್ತಲರು. ನಿಮ್ಮನ್ನು ಆರಿಸಿದವರಿಗೆ ತಿಂಗಳ ಲೆಕ್ಕ ಕಾಣಬೇಕು.

ಕೂಟದ ನಡವಳಿ ಬರೆಯುವವರು: ಆ 90 ಹೆಸರಿನ ಪಟ್ಟಿ ನಿಮಗೆ ತೊಂದರೆ ಕೊಡುತ್ತದೆ. ನಿಯಮಾವಳಿಯಲ್ಲಿ ಅರ್ಧದಷ್ಟು ಕೋರಂ (ಕೂಟ ನಡೆಯಲು ಬೇಕಾದ ಕನಿಷ್ಠ ಹಾಜರಿ) ಎಂದಿದ್ದರೆ 45 ಜನ ಬೇಕು, ಇಬ್ಬರು ಜ್ವರದಲ್ಲಿ ಮಲಗಿದರೂ ಕೂಟ ನಡೆಯದು. ಆರು ಜನರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಅದೇ ಕೂಟದ ಒಪ್ಪಿಗೆ ಬೇಕಲ್ಲ. ಕಾರ್ಯಸೂಚಿಯನ್ನು ಎರಡು ಭಾನುವಾರ ಮೊದಲೇ ಓದಿ, ಗೋಡೆಗೂ ಹಚ್ಚಿ. ಒಬ್ಬರ ತಪ್ಪಿನ ವಿಷಯವನ್ನು ಮತ್ತಾಯ 18ರ ಕ್ರಮದಲ್ಲಿ, ಮೊದಲು ಅವರೊಬ್ಬರೊಂದಿಗೇ ಏಕಾಂತದಲ್ಲಿ ಮಾತಾಡದೆ, ಆಮೇಲೆ ಸಾಕ್ಷಿಗಳೊಂದಿಗೆ ಹೋಗದೆ ಕೂಟಕ್ಕೆ ತರಬೇಡಿ.

ಪಟ್ಟಿಯಿಂದ ಹೆಸರನ್ನು ಸುಮ್ಮನೆ ಹೊಡೆದುಹಾಕಬೇಡಿ. ಬಾರದವರನ್ನು ಮೊದಲು ಮೂರಾಗಿ ವಿಂಗಡಿಸಿ: ಊರು ಬಿಟ್ಟವರು, ಹಾಸಿಗೆ ಹಿಡಿದವರು, ಮನಸ್ಸು ಮುರಿದು ದೂರವಾದವರು. ಊರು ಬಿಟ್ಟವರಿಗೆ ಅಲ್ಲಿನ ಸಭೆಗೆ ವರ್ಗಾವಣೆ ಪತ್ರ ಬೇಕೇ ಎಂದು ಕೇಳಿ. ಹಾಸಿಗೆ ಹಿಡಿದವರ ಹೆಸರು ಉಳಿಯಲಿ, ಕೋರಂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಿಯಮ ತಿದ್ದಿಕೊಳ್ಳಿ. ಮೂರನೆಯವರ ಮನೆಗೆ ಇಬ್ಬರು ಹೋಗಿ, ಕಾಗದಕ್ಕಿಂತ ಮೊದಲು. ಇಪ್ಪತ್ತು ನಿಮಿಷ ಕೂತು ಕೇಳಿಸಿಕೊಳ್ಳಿ, ಪಟ್ಟಿಯ ಮಾತನ್ನು ಮೊದಲ ಭೇಟಿಯಲ್ಲಿ ಎತ್ತಲೇಬೇಡಿ.