ಮಗುವಿಗೆ ಭೇದಿ, ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬಹುದಾ?

ಪ್ರಶ್ನೆ: ಬೆಂಗಳೂರಿನ ಲಗ್ಗೆರೆಯಲ್ಲಿದ್ದೇವೆ. ಒಂದೂವರೆ ವರ್ಷದ ಮಗಳಿಗೆ ನಿನ್ನೆಯಿಂದ ನೀರು ನೀರಾಗಿ ಭೇದಿ. ಆಟ ಆಡುತ್ತಿದ್ದಾಳೆ, ಊಟ ಮಾತ್ರ ಬೇಡ ಅಂತಾಳೆ. ಹತ್ತಿರದ ಪಿಎಚ್‌ಸಿಯಲ್ಲೇ ತೋರಿಸಿದರೆ ಸಾಕಾ? ಹೋಗಿಬಂದವರು ಹೇಳಿ.

ಉತ್ತರ: ಧೈರ್ಯವಾಗಿ ತೋರಿಸಿ ಮೇಡಂ, ನನ್ನ ಇಬ್ಬರು ಮಕ್ಕಳಿಗೂ ಅಲ್ಲೇ ತೋರಿಸಿದ್ದು. ಸರ್ಕಾರದ ‘ನಮ್ಮ ಕ್ಲಿನಿಕ್’ ಹತ್ತಿರವಾದರೆ ಅಲ್ಲಿಗೂ ಹೋಗಬಹುದು. ನಿಮ್ಮ ಬೀದಿಯ ಆಶಾ ಅಕ್ಕನ ನಂಬರ್ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಎಷ್ಟೋ ಸಲ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ) ಪೊಟ್ಟಣ ಅವರ ಬ್ಯಾಗ್‌ನಲ್ಲೇ ಇರುತ್ತದೆ. ಜೊತೆಗೆ ಜಿಂಕ್ ಮಾತ್ರೆ ಕೇಳಿ ಪಡೆಯಿರಿ, ಎರಡಕ್ಕೂ ದುಡ್ಡಿಲ್ಲ. ಈ ವಯಸ್ಸಿಗೆ ಜಿಂಕ್ ದಿನಕ್ಕೆ 20 ಮಿಲಿಗ್ರಾಂ, ಒಟ್ಟು 14 ದಿನ. ಚಮಚದಲ್ಲಿ ಕಾಸಿ ಆರಿಸಿದ ನೀರು ಹಾಕಿ ಮಾತ್ರೆ ಬಿಟ್ಟರೆ ಕರಗುತ್ತದೆ. ಭೇದಿ ನಿಂತ ತಕ್ಷಣ ಉಳಿದ ಮಾತ್ರೆ ಫ್ರಿಜ್ ಮೇಲೆ ಸೇರುವುದು ಎಲ್ಲರ ಮನೆಯ ಕಥೆ, ಆದರೆ ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವುದು ಕಡಿಮೆ.

ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಸ್ವಲ್ಪ ಅಂತ ಬೆರೆಸಬೇಡಿ, ಉಪ್ಪು ಜಾಸ್ತಿಯಾದರೆ ಅದೇ ಇನ್ನೊಂದು ತೊಂದರೆ. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಚಮಚದಲ್ಲಿ ನಿಧಾನಕ್ಕೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ.

ಇನ್ನೊಬ್ಬರು: ಮೆಡಿಕಲ್ ಶಾಪ್‌ನಲ್ಲಿ ಓಆರ್‌ಎಸ್ ಅಂತ ಕೇಳಿದರೆ ಕೆಲವು ಕಡೆ ಹಣ್ಣಿನ ರುಚಿಯ ಸಿಹಿ ಪಾನೀಯ ಕೈಗಿಡುತ್ತಾರೆ, ಹುಷಾರು. ಸಕ್ಕರೆ ಜಾಸ್ತಿ ಇದ್ದರೆ ಭೇದಿ ಇನ್ನೂ ಏರುತ್ತದೆ. ಅಂಥವುಗಳ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದವೇ ಇರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಆಮೇಲೆ, ಹೊಟ್ಟೆ ಖಾಲಿ ಇಡಿ ಅಂತ ಮನೆಯ ಹಿರಿಯರು ಹೇಳಿದರೆ ಸುಮ್ನೆ ತಲೆಯಾಡಿಸಿ, ಮೊಸರನ್ನ, ಗಂಜಿ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ಕೊಡುತ್ತಾ ಇರಿ. ಎದೆಹಾಲು ಕುಡಿಯುತ್ತಿದ್ದರೆ ನಿಲ್ಲಿಸಲೇಬೇಡಿ. ಭೇದಿ ಕಟ್ಟುವ ದೊಡ್ಡವರ ಮಾತ್ರೆಯನ್ನು ಮಗುವಿಗೆ ಕೊಡಲೇಬಾರದು.

ಮತ್ತೊಬ್ಬರು: ಆಟ ಆಡುತ್ತಿದ್ದಾಳೆ ಅಂದರೆ ಸದ್ಯಕ್ಕೆ ಪರವಾಗಿಲ್ಲ. ಆದರೆ ಕಣ್ಣು ಗುಳಿ ಬಿದ್ದರೆ, ಉಚ್ಚೆ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಏನೂ ಕುಡಿಯದೆ ಮಂಪರಾಗಿ ಮಲಗಿಬಿಟ್ಟರೆ ಪಿಎಚ್‌ಸಿ ತೆರೆಯಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ವಾಣಿ ವಿಲಾಸ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಹೊರಡಿ, ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಓಆರ್‌ಎಸ್ ಚಮಚದಲ್ಲಿ ಕುಡಿಸುತ್ತಾ ಹೋಗಿ.